ಹಾವು ಅರಣ್ಯ ಇಲಾಖೆಯದು, ಕಚ್ಚಿಸಿಕೊಂಡವರು ಆರೋಗ್ಯ ಇಲಾಖೆಯವರು, ವಿಷ ಯಾರದು?

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ
ಮಾನ್ಯ ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ನಮ್ಮ ನಾಡಿನ ಹಾವುಗಳ ವಿಷದ ಅಧ್ಯಯನ, ಪ್ರತಿವಿಷದ ಗುಣಮಟ್ಟ ಮತ್ತು ವಿಷದಿಂದ ಹುಟ್ಟುವ ಔಷಧಗಳಲ್ಲಿ ನಾಡಿನ ಪಾಲು ಕುರಿತು.

ಮಾನ್ಯರೇ,

ಒಂದೇ ಪತ್ರವನ್ನು ಇಬ್ಬರು ಸಚಿವರಿಗೆ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಸರ್ಕಾರಿ ನೌಕರನಾಗಿ 31 ವರ್ಷ ದುಡಿದವನಿಗೆ ಇಂಥ ಪತ್ರದ ಗತಿ ಏನಾಗುತ್ತದೆಂದು ಚೆನ್ನಾಗಿ ಗೊತ್ತಿದೆ. ಒಂದು ಇಲಾಖೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಷರಾ ಬರೆದು ಇನ್ನೊಂದಕ್ಕೆ ಕಳಿಸುತ್ತದೆ, ಆ ಇಲಾಖೆ ಅದೇ ಷರಾ ಬರೆದು ಹಿಂದಕ್ಕೆ ಕಳಿಸುತ್ತದೆ. ಹಾಗಾಗಬಾರದೆಂದೇ ಇಬ್ಬರಿಗೂ ಒಟ್ಟಿಗೆ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನನ್ನ ದೂರಿನ ತಿರುಳು ಕೂಡ ಇದೇ ಆಗಿದೆ. ಹಾವು ಒಂದು ಇಲಾಖೆಯ ಸೊತ್ತು, ಅದು ಕಚ್ಚಿದ ಮನುಷ್ಯ ಇನ್ನೊಂದು ಇಲಾಖೆಯ ಹೊಣೆ, ಆದರೆ ಆ ಹಾವಿನ ಹಲ್ಲಿನಿಂದ ಮನುಷ್ಯನ ಮೈಗೆ ಇಳಿಯುವ ವಿಷ ಮಾತ್ರ ಯಾರ ಕಡತದಲ್ಲೂ ಇಲ್ಲ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಯೋಗಾಲಯ ತಂತ್ರಜ್ಞನಾಗಿದ್ದವನು. ವರ್ಗಾವಣೆಯ ಕೃಪೆಯಿಂದ ಬಯಲುಸೀಮೆಯ ನೀರನ್ನೂ ಮಲೆನಾಡಿನ ಮಳೆಯನ್ನೂ ಕಂಡಿದ್ದೇನೆ. ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ರಾತ್ರಿ ಪಾಳಿಯಲ್ಲಿ ಹಾವು ಕಚ್ಚಿದವರ ರಕ್ತವನ್ನು ಟ್ಯೂಬಿಗೆ ಹಾಕಿ ಗಡಿಯಾರ ನೋಡುತ್ತ ಕೂತವನು. ಆ ಕುರ್ಚಿಯಿಂದ ಕಂಡದ್ದನ್ನಷ್ಟೇ ಮೊದಲು ಹೇಳುತ್ತೇನೆ.

ಹಾವು ಕಚ್ಚಿದವರಿಗೆ ಮಾಡುವ ಮೊದಲ ಪರೀಕ್ಷೆಗೆ ಯಂತ್ರ ಬೇಡ, ಕರೆಂಟು ಬೇಡ. ಹೊಸದಾದ, ಒಣಗಿದ, ಚೊಕ್ಕವಾದ ಗಾಜಿನ ಟ್ಯೂಬಿಗೆ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಆಮೇಲೆ ಒಮ್ಮೆ ಮಾತ್ರ ಬಾಗಿಸಿ ನೋಡಬೇಕು. ರಕ್ತ ಮೊಸರಿನಂತೆ ಗಟ್ಟಿಯಾಗಿ ಟ್ಯೂಬಿನ ತಳಕ್ಕೆ ಅಂಟಿಕೊಂಡು ನಿಂತರೆ ಒಂದಷ್ಟು ಉಸಿರು ಬಿಡಬಹುದು. ನೀರಿನಂತೆ ಅಂಚಿಗೆ ಹರಿದು ಬಂದರೆ ಕೊಳಕು ಮಂಡಲವೋ ಅಂಥದೇ ಇನ್ನೊಂದೋ ತನ್ನ ಕೆಲಸ ಮಾಡಿದೆ ಎಂದರ್ಥ, ಪ್ರತಿವಿಷ ಹಾಕಲೇಬೇಕು. ಇಡೀ ಚಿಕಿತ್ಸೆಯ ತೀರ್ಮಾನ ಎಷ್ಟೋ ಸಲ ಆ ಒಂದು ಬಾಗಿಸುವಿಕೆಯ ಮೇಲೆ ನಿಂತಿರುತ್ತದೆ.

ಇಲ್ಲಿ ಗಾಜು ಎಂಬ ಮಾತನ್ನು ಗಮನಿಸಬೇಕು. ಗಾಜಿನ ಮೇಲ್ಮೈಯೇ ರಕ್ತಕ್ಕೆ ಹೆಪ್ಪುಗಟ್ಟಲು ಚಾಲನೆ ಕೊಡುತ್ತದೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿಟ್ಟರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ಗಾಜಿನಲ್ಲಿಟ್ಟರೆ, ಆರೋಗ್ಯವಂತನ ರಕ್ತವೂ 20 ನಿಮಿಷಕ್ಕೆ ಕಟ್ಟದೆ ಹೋಗಬಹುದು. ನಾನು ಕೆಲಸ ಮಾಡುತ್ತಿದ್ದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಗಾಜಿನ ಟ್ಯೂಬುಗಳ ಇಂಡೆಂಟು ತಿಂಗಳುಗಟ್ಟಲೆ ಮಂಜೂರಾಗದೆ ಬಿದ್ದಿತ್ತು. ‘ಪ್ಲಾಸ್ಟಿಕ್ಕಿನವು ಬೇಕಾದಷ್ಟಿವೆಯಲ್ಲ, ಅದರಲ್ಲೇ ಮಾಡಿ’ ಎಂಬ ಮಾತು ಮೇಲಿನಿಂದ ಬಂತು. ಆ ದಿನಗಳಲ್ಲೇ ಒಂದು ರಾತ್ರಿ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಕೊಟ್ಟಿಗೆಯ ಕತ್ತಲಲ್ಲಿ ಏನೋ ಕಚ್ಚಿದೆ, ಹಾವನ್ನು ಯಾರೂ ಸರಿಯಾಗಿ ನೋಡಿಲ್ಲ. ಇದ್ದ ಪ್ಲಾಸ್ಟಿಕ್ ಟ್ಯೂಬಿನಲ್ಲೇ ರಕ್ತ ಇಟ್ಟೆ. 20 ನಿಮಿಷಕ್ಕೆ ಬಾಗಿಸಿದರೆ ಹರಿಯಿತು. ಹಾಗೇ ಬರೆದು ಕೊಟ್ಟೆ. ಪ್ರತಿವಿಷ ಶುರುವಾದ ಸ್ವಲ್ಪ ಹೊತ್ತಿಗೆ ಮಗುವಿನ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡಿತು. ಕುದುರೆಯ ರಕ್ತದಿಂದ ತಯಾರಾದ ಮದ್ದು ಅದು, ಕೆಲವರ ಮೈಗೆ ಒಗ್ಗುವುದಿಲ್ಲ. ಕರ್ತವ್ಯದಲ್ಲಿದ್ದ ವೈದ್ಯರು ತಡಮಾಡದೆ ಅಡ್ರಿನಲಿನ್ ಕೊಟ್ಟದ್ದರಿಂದ ಮಗು ಉಳಿಯಿತು. ಬೆಳಗಿನ ಜಾವ ಪಕ್ಕದ ಖಾಸಗಿ ಲ್ಯಾಬಿನಿಂದ ನಾಲ್ಕು ಗಾಜಿನ ಟ್ಯೂಬು ಕೇಳಿ ತಂದೆ. ಪ್ರತಿವಿಷ ಶುರುವಾಗುವ ಮೊದಲೇ ಬೇರೆ ತನಿಖೆಗೆಂದು ಕಳಿಸಿದ್ದ ರಕ್ತದ ವರದಿ ಮಧ್ಯಾಹ್ನ ಜಿಲ್ಲಾ ಆಸ್ಪತ್ರೆಯಿಂದ ಬಂತು: ಹೆಪ್ಪುಗಟ್ಟುವಿಕೆಯಲ್ಲಿ ಯಾವ ದೋಷವೂ ಇರಲಿಲ್ಲ. ಬಹುಶಃ ವಿಷವಿಲ್ಲದ ಹಾವು. ಆ ತಪ್ಪು ವರದಿಯ ಕೆಳಗಿದ್ದದ್ದು ನನ್ನ ಸಹಿ. ಯಾರೂ ನನ್ನನ್ನು ಕೇಳಲಿಲ್ಲ, ಆದರೂ ಇಷ್ಟು ವರ್ಷದ ಮೇಲೆ ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದನ್ನು ಮನಸಾರೆ ಸ್ವಾಗತಿಸುತ್ತೇನೆ. ದೇಶದಲ್ಲೇ ಮೊದಲು ಈ ಹೆಜ್ಜೆ ಇಟ್ಟ ರಾಜ್ಯ ನಮ್ಮದು. ಮರು ತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರತಂದಿತು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ, ಹಾವು ಕಚ್ಚಿ ಸತ್ತಿದ್ದಾರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಸತ್ತದ್ದು ಹೆಚ್ಚಾಗಿ ಮಳೆಗಾಲದಲ್ಲಿ. ನಾಟಿಗೆ ಬಗ್ಗಿದವರು, ಹುಲ್ಲಿನ ಹೊರೆಗೆ ಕೈ ಹಾಕಿದವರು, ನೆಲದ ಮೇಲೆ ಚಾಪೆ ಹಾಸಿ ಮಲಗಿದವರು. ಘೋಷಣೆ ಬಂದದ್ದು ಒಳ್ಳೆಯದೇ. ಆದರೆ ಎಷ್ಟು ಜನರಿಗೆ ಕಚ್ಚಿತು, ಎಷ್ಟು ಜನ ಸತ್ತರು ಎಂಬ ಎರಡು ಸಂಖ್ಯೆಗಳಲ್ಲೇ ವರದಿ ಮುಗಿದುಹೋದರೆ ನಾವು ಸತ್ತವರ ಲೆಕ್ಕವನ್ನಷ್ಟೇ ಚೆಂದವಾಗಿ ಇಟ್ಟಂತಾಗುತ್ತದೆ. ಯಾವ ಹಾವು, ಯಾವ ಊರಿನದು, ಎಷ್ಟು ವಯಲ್ (ಮದ್ದಿನ ಪುಟ್ಟ ಸೀಸೆ) ಪ್ರತಿವಿಷ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟಿತು, ಕಟ್ಟಲೇ ಇಲ್ಲವೋ, ಮೂತ್ರಪಿಂಡ ಉಳಿಯಿತೋ ಎಂಬುದು ಬೇಕು. ಅದೇ ವಿಷದ ಸುದ್ದಿ.

ಆ ವಿಷವೆಂಬುದು ಒಂದು ವಸ್ತುವಲ್ಲ. ಹತ್ತಾರು ಬಗೆಯ ಪ್ರೋಟೀನುಗಳ ಕಲಸುಮೇಲೋಗರ. ನಾಗರಹಾವು, ಕಟ್ಟುಹಾವುಗಳ ವಿಷದ ಮುಖ್ಯ ಪ್ರೋಟೀನುಗಳು ನರವು ಸ್ನಾಯುವಿಗೆ ಕೊಡುವ ಆಜ್ಞೆಯನ್ನು ದಾರಿಯಲ್ಲೇ ತಡೆಯುತ್ತವೆ. ರೆಪ್ಪೆ ಜೋಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರೆಳೆಯುವ ಸ್ನಾಯುವೇ ಸೋಲುತ್ತದೆ. ಕೊಳಕು ಮಂಡಲದ ಉಪಾಯ ಬೇರೆ. ಅದರ ವಿಷದ ಎರಡು ಪ್ರೋಟೀನುಗಳು ರಕ್ತ ಹೆಪ್ಪುಗಟ್ಟಿಸುವ ಸರಪಳಿಯ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ಒಮ್ಮೆಗೇ ಕೆರಳಿಸುತ್ತವೆ. ಮೈಯಲ್ಲಿ ಹೆಪ್ಪುಗಟ್ಟಿಸುವ ಸರಕು ಇರುವುದು ಅಳತೆಯಷ್ಟು. ಅದೆಲ್ಲ ಬೇಡದ ಕಡೆ ಖರ್ಚಾಗಿ ಹೋದಮೇಲೆ ಬೇಕಾದ ಕಡೆಗೆ ಏನೂ ಉಳಿಯುವುದಿಲ್ಲ, ವಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಿಂದ ರಕ್ತ ಸೋರತೊಡಗುತ್ತದೆ. ನನ್ನ ಟ್ಯೂಬಿನಲ್ಲಿ ಹರಿಯುತ್ತಿದ್ದದ್ದು ಹೀಗೆ ದಿವಾಳಿಯೆದ್ದ ರಕ್ತ.

ಹದಿನೈದು ದಿನದ ತರಬೇತಿಗೆಂದು ಬೆಂಗಳೂರಿನ ದೊಡ್ಡ ಪ್ರಯೋಗಾಲಯವೊಂದಕ್ಕೆ ಹೋಗಿದ್ದಾಗ ಫ್ರಿಜ್ಜಿನಲ್ಲಿ ವಿದೇಶದಿಂದ ಬಂದ ಒಂದು ಪುಟ್ಟ ಪೆಟ್ಟಿಗೆ ಕಂಡೆ. ಮೇಲ್ಪಟ್ಟಿಯಲ್ಲಿ ಕೊಳಕು ಮಂಡಲದ ಇಂಗ್ಲಿಷ್ ಹೆಸರು. ಒಳಗಿನ ಬೆಳ್ಳಗಿನ ಪುಡಿಯಲ್ಲಿ ಇದ್ದದ್ದು ಅದೇ ವಿಷ. ಪದೇ ಪದೇ ಗರ್ಭಪಾತವಾಗುವ ಹೆಣ್ಣುಮಕ್ಕಳಲ್ಲಿ, ಕಾರಣವಿಲ್ಲದೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವವರಲ್ಲಿ, ‘ಲೂಪಸ್ ಆಂಟಿಕೋಆಗ್ಯುಲೆಂಟ್’ ಎಂಬ ದೋಷವಿದೆಯೇ ಎಂದು ಪತ್ತೆ ಮಾಡಲು ಈ ವಿಷವನ್ನು ತೀರಾ ತೆಳುವಾಗಿ ಕರಗಿಸಿ ರಕ್ತದ ದ್ರವಕ್ಕೆ ಸೇರಿಸಿ, ಎಷ್ಟು ಸೆಕೆಂಡಿಗೆ ಹೆಪ್ಪು ಕಟ್ಟುತ್ತದೆಂದು ನೋಡುತ್ತಾರೆ. ಹತ್ತನೆಯ ಅಂಶವನ್ನು ಮಾತ್ರ ಗುರಿಯಿಟ್ಟು ಮುಟ್ಟುವ ಇಂಥ ಕೈಚಳಕ ಯಾವ ಕಾರ್ಖಾನೆಯವರಿಗೂ ಅಷ್ಟು ಸಲೀಸಾಗಿ ಬಾರದು, ಹಾವಿಗೆ ಹುಟ್ಟಿನಿಂದ ಬಂದಿದೆ. ನಮ್ಮ ಅಡಿಕೆ ತೋಟದಲ್ಲಿ ಕೂಲಿಯಾಳಿನ ಪ್ರಾಣ ತೆಗೆಯುವುದೂ, ನಗರದ ಲ್ಯಾಬಿನಲ್ಲಿ ಒಬ್ಬಳು ತಾಯಿಗೆ ಮಗು ಏಕೆ ಉಳಿಯುತ್ತಿಲ್ಲವೆಂದು ತಿಳಿಸುವುದೂ ಒಂದೇ ಪ್ರೋಟೀನು. ಆವತ್ತು ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಅಲ್ಲಿನ ಮೇಡಂ ಬಂದು ‘ಫ್ರಿಜ್ ಬಾಗಿಲು ಹಾಕಿ ಸಾರ್’ ಎಂದರು.

ಈ ಉಪಯೋಗ ಹೊಸತೇನಲ್ಲ. 1934ರಲ್ಲೇ ಲಂಡನ್ನಿನ ವೈದ್ಯ ಮ್ಯಾಕ್‌ಫರ್ಲೇನ್ ಮತ್ತು ಅಲ್ಲಿನ ಮೃಗಾಲಯದ ಉರಗ ವಿಭಾಗ ನೋಡಿಕೊಳ್ಳುತ್ತಿದ್ದ ಬಾರ್ನೆಟ್ ಸೇರಿ, ಹಿಮೋಫಿಲಿಯಾ ಇದ್ದವರ ಹಲ್ಲು ಕಿತ್ತ ಜಾಗದಲ್ಲಿ ನಿಲ್ಲದ ರಕ್ತವನ್ನು ಕೊಳಕು ಮಂಡಲದ ವಿಷದ ತೆಳು ದ್ರಾವಣ ಹಚ್ಚಿ ನಿಲ್ಲಿಸಬಹುದೆಂದು ತೋರಿಸಿದ್ದರು. ಮುಂದಿನದು ಇನ್ನೂ ದೊಡ್ಡ ಕಥೆ. ಬ್ರೆಜಿಲಿನ ಜರರಾಕಾ ಎಂಬ ಗುಳಿಮಂಡಲ ಕಚ್ಚಿದವರ ರಕ್ತದೊತ್ತಡ ಕುಸಿಯುತ್ತದೆ. ಏಕೆಂದು ಹುಡುಕುತ್ತ ಹೋದ ಆ ದೇಶದ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಆ ವಿಷದಿಂದ ಬೇರ್ಪಡಿಸಿದ ಪೆಪ್ಟೈಡುಗಳೇ (ಪ್ರೋಟೀನಿನಂಥವೇ ಪುಟ್ಟ ಅಣುಗಳು) ರಕ್ತದೊತ್ತಡದ ಮಾತ್ರೆ ಕ್ಯಾಪ್ಟೊಪ್ರಿಲ್‌ಗೆ ದಾರಿ ಮಾಡಿಕೊಟ್ಟವು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇಂದು ನಮ್ಮಲ್ಲಿ ಬಿ.ಪಿ.ಗೆಂದು ಕೊಡುವ ಎನಲಾಪ್ರಿಲ್, ರ್‍ಯಾಮಿಪ್ರಿಲ್ ಮಾತ್ರೆಗಳು ಅದರ ತಮ್ಮಂದಿರು. ನಾನೂ ದಿನಾ ಬೆಳಗ್ಗೆ ಒಂದನ್ನು ನುಂಗುತ್ತೇನೆ. ಆದರೆ ಕ್ಯಾಪ್ಟೊಪ್ರಿಲ್ ತಯಾರಿಸಿದ್ದು, ಪೇಟೆಂಟ್ ಪಡೆದದ್ದು ಅಮೆರಿಕದ ಕಂಪನಿ. ಹಾವು ಬ್ರೆಜಿಲಿನದು, ಮೊದಲ ಸುಳಿವು ಕಂಡ ತಲೆಯೂ ಬ್ರೆಜಿಲಿನದು.

ಬ್ರೆಜಿಲಿನ ಮಾತು ನಮಗೇಕೆ ಎನ್ನಬಹುದು. ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಸಿಗುವ ಗರಗಸ ಮಂಡಲವನ್ನೇ ನೋಡಿ. ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಕಾದ ಬಾಣಲೆಗೆ ನೀರು ಬಿದ್ದಂತೆ ಸದ್ದು ಮಾಡುವ ಚಿಕ್ಕ ಹಾವು ಇದು. ಈ ಜಾತಿಯ ವಿಷದಲ್ಲಿರುವ ಎಕಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನು ರಕ್ತದ ತಟ್ಟೆಕಣಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಟಿರೋಫಿಬಾನ್ ಎಂಬ ಔಷಧ 1998ರಲ್ಲಿ ಮಾರುಕಟ್ಟೆಗೆ ಬಂತು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕುವ ಹೊತ್ತಿನಲ್ಲಿ ಅದನ್ನು ಕೊಡುತ್ತಾರೆ. ಅದೇ ವರ್ಷ ಅಮೆರಿಕದ ಒಂದು ಚಿಕ್ಕ ಬುಡುಬುಡಿಕೆ ಹಾವಿನ ಪ್ರೋಟೀನಿನಿಂದ ರೂಪುಗೊಂಡ ಎಪ್ಟಿಫಿಬಾಟೈಡ್‌ಗೂ ಅನುಮತಿ ಸಿಕ್ಕಿತು. ಅಮೆರಿಕದ ಹಾವಿನಿಂದ ಅಮೆರಿಕದವರು ಔಷಧ ಮಾಡಿದರು, ಅದು ಸಹಜ. ನಮ್ಮಲ್ಲೂ ಇರುವ ಹಾವಿನ ಕಡೆಗೆ ನಾವು ಕೋಲು ಬಿಟ್ಟು ಬೇರೇನನ್ನೂ ಎತ್ತಲಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಹಾವಿನ ವಿಷ ಸೇವಿಸಿದರೆ ರೋಗ ವಾಸಿಯಾಗುತ್ತದೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿ ಎಣ್ಣೆ, ಪುಡಿ ಮಾರುವವರನ್ನು ಹಿಡಿದು ಒಳಗೆ ಹಾಕಬೇಕು. 1934ರ ಹಚ್ಚುವ ದ್ರಾವಣವನ್ನು ಬಿಟ್ಟರೆ, ಮೇಲಿನ ಯಾವ ಔಷಧದ ಸೀಸೆಯಲ್ಲೂ ಹಸಿ ವಿಷವಿಲ್ಲ. ವಿಷದ ಒಂದು ತುಣುಕಿನ ಆಕಾರವನ್ನು ಅರ್ಥಮಾಡಿಕೊಂಡು, ಕೊಲ್ಲುವ ಗುಣ ಕಳೆದು, ಬೇಕಾದ ಗುಣ ಉಳಿಸಿ, ಪ್ರಯೋಗಾಲಯದಲ್ಲಿ ಹೊಸದಾಗಿ ಕಟ್ಟಿದ ಅಣುಗಳು ಅವು. ಸುಳಿವಿನಿಂದ ಮಾತ್ರೆಯವರೆಗಿನ ದಾರಿಗೆ ಹತ್ತಿಪ್ಪತ್ತು ವರ್ಷ ಹಿಡಿದಿದೆ. ಆದ್ದರಿಂದ ನಾಳೆಯೇ ಔಷಧ ಕೊಡಿ ಎಂದು ನಾನು ಕೇಳುತ್ತಿಲ್ಲ. ಆ ದಾರಿಯ ಮೊದಲ ಮೈಲಿಗಲ್ಲಾದರೂ ನಮ್ಮ ನೆಲದಲ್ಲಿ ನೆಡಿ ಎನ್ನುತ್ತಿದ್ದೇನೆ: ನಮ್ಮ ಹಾವುಗಳ ವಿಷದಲ್ಲಿ ಏನಿದೆ ಎಂಬ ತಿಳಿವಳಿಕೆ. ಅದು ಮುಂದಿನ ಔಷಧಕ್ಕೆ ಎಷ್ಟು ಬೇಕೋ ಇವತ್ತಿನ ಪ್ರತಿವಿಷಕ್ಕೂ ಅಷ್ಟೇ ಬೇಕು.

ಪ್ರತಿವಿಷದ ಲೆಕ್ಕವನ್ನೇ ನೋಡೋಣ. ನಮ್ಮಲ್ಲಿ ಸಿಗುವುದು ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗೆ ಒಟ್ಟಿಗೆ ತಯಾರಿಸಿದ ಒಂದೇ ಮದ್ದು. ಒಂದು ಮಿಲಿಲೀಟರ್ ಮದ್ದು 0.6 ಮಿಲಿಗ್ರಾಂ ಕೊಳಕು ಮಂಡಲದ ವಿಷವನ್ನು ತಟಸ್ಥಗೊಳಿಸಬೇಕೆಂಬುದು ನಿಯಮ. ವಯಲ್ ಒಂದಕ್ಕೆ ಹತ್ತು ಮಿಲಿಲೀಟರ್. ಆ ಹಾವು ಒಂದು ಕಡಿತಕ್ಕೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆಂದು ಹಿಡಿದು, ಮೊದಲಿಗೆ ಎಂಟರಿಂದ ಹತ್ತು ವಯಲ್ ಹಾಕಬೇಕೆಂದು ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಈ ಲೆಕ್ಕದ ಅಡಿಪಾಯದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ. ಮದ್ದು ತಯಾರಿಸಲು ಕುದುರೆಗೆ ಚುಚ್ಚಿದ ವಿಷವೂ ನಮ್ಮೂರಿನ ರೈತನ ಕಾಲಿಗೆ ಇಳಿದ ವಿಷವೂ ಒಂದೇ ಎಂಬುದು ಆ ನಂಬಿಕೆ.

ದೇಶದ ಪ್ರತಿವಿಷ ತಯಾರಕರಿಗೆ ಹೋಗುವ ವಿಷದ ಬಹುಪಾಲು ಬರುವುದು ತಮಿಳುನಾಡಿನ ಮಾಮಲ್ಲಪುರದ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘದಿಂದ. ಹಾವಿನ ಚರ್ಮದ ವ್ಯಾಪಾರ ನಿಂತು ಕೈ ಬರಿದಾಗಿದ್ದ ಸಮುದಾಯವೊಂದು ಉರಗ ತಜ್ಞ ರೊಮುಲಸ್ ವಿಟೇಕರ್ ಅವರ ಜೊತೆಗೂಡಿ ಕಟ್ಟಿದ ಸಂಘ ಅದು. ಹಾವನ್ನು ಹಿಡಿದು ಕೆಲವು ವಾರ ಮಣ್ಣಿನ ಮಡಕೆಯಲ್ಲಿಟ್ಟು, ವಾರಕ್ಕೊಮ್ಮೆ ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಹಾಕಿ ಮರಳಿ ಬಿಡುತ್ತಾರೆ. ಅವರಲ್ಲಿ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ಕೆಲಸಕ್ಕೆ ನನ್ನ ನಮಸ್ಕಾರವಿದೆ, ದೋಷ ಅವರದಲ್ಲ. ಒಂದು ರಾಜ್ಯದ ಕೆಲವೇ ಜಿಲ್ಲೆಗಳ ಹಾವಿನ ವಿಷದಿಂದ ಇಡೀ ದೇಶಕ್ಕೆ ಮದ್ದು ಮಾಡುತ್ತಿರುವುದು ದೋಷ.

ವಿಷ ಊರಿಂದೂರಿಗೆ ಬದಲಾಗುತ್ತದೆಂಬುದು ಈಗ ಊಹೆಯಲ್ಲ. ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ವರ್ಷಗಳಿಂದ ಇದನ್ನೇ ತೋರಿಸುತ್ತ ಬಂದಿದೆ. 2025ರಲ್ಲಿ ಅವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ದೇಶದ 34 ಸ್ಥಳಗಳ 115 ಕೊಳಕು ಮಂಡಲಗಳ ವಿಷವನ್ನು ಹೋಲಿಸಿದ್ದಾರೆ. ಮಳೆ, ಉಷ್ಣಾಂಶಗಳ ಜೊತೆಗೆ ವಿಷದ ಗುಣವೂ ಬದಲಾಗುತ್ತದೆ, ಒಣ ಪ್ರದೇಶದ ಹಾವುಗಳ ವಿಷದಲ್ಲಿ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಜಾಸ್ತಿ ಎಂದು ಅದು ಹೇಳುತ್ತದೆ. ಆಗುಂಬೆಯ ಮಳೆಯೂ ರಾಯಚೂರಿನ ಬಿಸಿಲೂ ಒಂದೇ ರಾಜ್ಯದೊಳಗಿರುವ ನಮಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ಅನ್ವಯಿಸಬೇಕು. ಎರಡೂ ಕಡೆ ಕೆಲಸ ಮಾಡಿದ ನನಗೆ, ಅದೇ ಹತ್ತು ವಯಲ್ಲಿಗೆ ಒಂದು ಕಡೆ ಆರು ಗಂಟೆಯಲ್ಲಿ ಕಟ್ಟುತ್ತಿದ್ದ ರಕ್ತ ಇನ್ನೊಂದು ಕಡೆ ಮರುದಿನವೂ ಕಟ್ಟದೆ ಹರಿಯುತ್ತಿದ್ದದ್ದು ನೆನಪಿದೆ. ನನ್ನ ನೆನಪು ಪುರಾವೆಯಲ್ಲ, ಒಪ್ಪುತ್ತೇನೆ. ಅದನ್ನು ಬರೆದಿಡುವ ಅಂಕಣ ರಿಜಿಸ್ಟರಿನಲ್ಲಿ ಇದ್ದಿದ್ದರೆ ಇವತ್ತು ಪುರಾವೆಯಾಗಿರುತ್ತಿತ್ತು.

ನಾಲ್ಕು ಹಾವುಗಳ ಪಟ್ಟಿಯಲ್ಲೇ ಇಲ್ಲದ ಹಾವು ಕಚ್ಚಿದರೆ ಏನಾಗುತ್ತದೆಂಬುದನ್ನೂ ಕಂಡಿದ್ದೇನೆ. ಮಲೆನಾಡಿನ ಆಸ್ಪತ್ರೆಗೆ ಜುಲೈ ತಿಂಗಳ ಒಂದು ಸಂಜೆ ತೋಟದ ಕೆಲಸದವರೊಬ್ಬರು ಬಂದರು. ಬಲಗೈ ತೋರುಬೆರಳು ಊದಿ ಕಪ್ಪಿಟ್ಟಿತ್ತು. ಜೊತೆಗೆ ಬಂದವರು ಸತ್ತ ಹಾವನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ತಂದಿದ್ದರು. ಒಣಗಿದ ಅಡಿಕೆ ಹಾಳೆಯ ಬಣ್ಣ, ಒಂದಡಿಗಿಂತ ತುಸು ಉದ್ದ, ಮೂಗಿನ ತುದಿ ಮೇಲಕ್ಕೆ ಮೊನೆಯಾಗಿ ಎದ್ದಿತ್ತು. ‘ಕೊಳಕು ಮಂಡಲದ ಮರಿ’ ಎಂದು ಎಲ್ಲರೂ ತೀರ್ಮಾನಿಸಿದೆವು. ಪ್ರತಿವಿಷ ಹತ್ತು ವಯಲ್ ಹೋಯಿತು, ಆಮೇಲೆ ಇನ್ನೂ ಹತ್ತು. ಆರಾರು ಗಂಟೆಗೊಮ್ಮೆ ನಾನು ಟ್ಯೂಬ್ ಬಾಗಿಸುತ್ತಿದ್ದೆ, ಪ್ರತಿ ಸಲವೂ ರಕ್ತ ಹರಿಯುತ್ತಿತ್ತು. ಮೂರನೆಯ ದಿನ ಮೂತ್ರ ನಿಂತು, ಡಯಾಲಿಸಿಸ್ ಇರುವ ಊರಿಗೆ ಕಳಿಸಿದರು. ಉಳಿದರು, ಆದರೆ ಅದಕ್ಕಾಗಿ ಇದ್ದ ಎರಡು ಹಸುಗಳನ್ನೂ ಮಾರಬೇಕಾಯಿತು. ಬಾಟಲಿಯ ಹಾವು ಪಶ್ಚಿಮಘಟ್ಟದ ‘ಹಂಪ್-ನೋಸ್ಡ್ ಪಿಟ್ ವೈಪರ್’ ಎಂಬ ಗುಳಿಮಂಡಲವೆಂದು ಆಮೇಲೆ ಹಾವುಗಳನ್ನು ಬಲ್ಲವರೊಬ್ಬರು ಹೇಳಿದರು. ಅದರ ವಿಷ ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು, ಮತ್ತು ನಮ್ಮ ನಾಲ್ಕು ಹಾವುಗಳ ಮದ್ದು ಅದಕ್ಕೆ ನಾಟುವುದಿಲ್ಲ. ಅಂದರೆ ಅಷ್ಟೂ ವಯಲ್ಲುಗಳು ಆ ಮನುಷ್ಯನಿಗೆ ಅಪಾಯವನ್ನಷ್ಟೇ ಕೊಟ್ಟವು, ಮತ್ತು ನಿಜವಾಗಿ ಬೇಕಾದವರಿಗೆ ಸಿಗದೆ ಹೋದವು. ಕೇರಳದಲ್ಲೂ ಇದೇ ಹಾವಿನ ಇಂಥವೇ ಪ್ರಕರಣಗಳು ದಾಖಲಾಗಿವೆ. ಇದಕ್ಕೆ ಪ್ರತಿವಿಷ ಮಾಡಬೇಕಾದರೆ ಮೊದಲು ವಿಷ ಬೇಕು, ವಿಷಕ್ಕೆ ಹಾವು ಬೇಕು, ಹಾವಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಇಲ್ಲಿಗೆ ಅರಣ್ಯ ಸಚಿವರಲ್ಲಿ ನನ್ನ ನಿವೇದನೆ ಶುರುವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವುಗಳನ್ನು ಉಳಿಸಿದೆ. ಅದನ್ನು ಸಡಿಲಿಸಿ ಎಂದು ನಾನು ಹೇಳಿದರೆ ನನ್ನ ಮಾತಿಗೆ ಕಿವಿಗೊಡಬೇಡಿ. ವಿಷದ ಕಳ್ಳವ್ಯಾಪಾರ, ಮೋಜಿನ ಪಾರ್ಟಿಗಳಲ್ಲಿ ಹಾವಿನ ವಿಷ ಸಿಕ್ಕಿತೆಂಬ ಸುದ್ದಿಗಳು ಓದುವಾಗ ಬಿಗಿ ಹಿಡಿತ ಏಕೆ ಬೇಕೆಂದು ಅರ್ಥವಾಗುತ್ತದೆ. ಆದರೆ ಅದೇ ಕಾಯ್ದೆಯೊಳಗೆ ವೈಜ್ಞಾನಿಕ ಸಂಶೋಧನೆಗೂ ಪ್ರಾಣರಕ್ಷಕ ಔಷಧಕ್ಕಾಗಿ ವಿಷ ಸಂಗ್ರಹಿಸುವುದಕ್ಕೂ ಅನುಮತಿ ಕೊಡುವ ದಾರಿ ಇದೆ. ಇರುಳರ ಸಂಘ ನಡೆಯುತ್ತಿರುವುದೇ ಅಂಥ ಪರವಾನಗಿಯ ಮೇಲೆ. ಪ್ರತಿದಿನ ನಮ್ಮ ಊರು, ಬಡಾವಣೆಗಳಲ್ಲಿ ಉರಗ ರಕ್ಷಕರು ಮನೆಗಳಿಂದ ಹಿಡಿದು ಕಾಡಿಗೆ ಬಿಡುವ ನಾಗರಹಾವು, ಮಂಡಲಗಳೆಷ್ಟೋ. ಇಲಾಖೆಯ ಕಣ್ಣೆದುರಿನಲ್ಲೇ, ತರಬೇತಿ ಪಡೆದವರ ಕೈಯಿಂದ ಅವುಗಳಲ್ಲಿ ಕೆಲವದರ ವಿಷವನ್ನು ಒಮ್ಮೆ ತೆಗೆದು, ಹಾವನ್ನು ಸಿಕ್ಕಿದ ಪ್ರದೇಶದಲ್ಲೇ ಬಿಟ್ಟರೆ, ಜಿಲ್ಲೆ ಜಿಲ್ಲೆಯ ಮಾದರಿಗಳ ಒಂದು ವಿಷಭಂಡಾರ ರಾಜ್ಯದಲ್ಲೇ ತಯಾರಾಗುತ್ತದೆ. ಹಾವಾಡಿಸುವ ವೃತ್ತಿ ಕಾನೂನಿನಿಂದ ನಿಂತ ಮೇಲೆ ಬೀದಿಗೆ ಬಿದ್ದ ನಮ್ಮ ಹಾವಾಡಿಗರ ಮಕ್ಕಳಿಗೆ ಇರುಳರ ಮಾದರಿಯ ಒಂದು ಸಹಕಾರ ಸಂಘ ಏಕೆ ಆಗಬಾರದು? ಅವರ ಕೈಯಲ್ಲಿ ಉಳಿದಿರುವ ವಿದ್ಯೆಗೆ ಇನ್ನೊಂದು ತಲೆಮಾರಿನ ಆಯಸ್ಸು ಇದೆಯೋ ಇಲ್ಲವೋ. ಈ ದಿಕ್ಕಿನಲ್ಲಿ ಈಗಾಗಲೇ ಯಾವುದಾದರೂ ಯೋಜನೆಯ ಕಡತ ನಡೆದಿದ್ದರೆ ಸಂತೋಷ, ಅದು ಇವತ್ತು ಯಾರ ಮೇಜಿನ ಮೇಲಿದೆ ಎಂಬುದನ್ನು ತಿಳಿಸಿದರೆ ಸಾಕು.

ಆರೋಗ್ಯ ಸಚಿವರಲ್ಲಿ ಕೇಳಿಕೊಳ್ಳುವುದರಲ್ಲಿ ಅತಿ ಚಿಕ್ಕದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದಕ್ಕೆ ಸಂಪುಟದ ಒಪ್ಪಿಗೆ ಬೇಡ. ಹಾವು ಕಡಿತಕ್ಕೆ ಚಿಕಿತ್ಸೆ ಕೊಡುವ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲೂ, ಬೇರೆ ಯಾವುದಕ್ಕೂ ಬಳಸಬಾರದೆಂದು ಮೇಲೆ ಬರೆದ ಒಂದು ಡಬ್ಬ ಹೊಸ ಗಾಜಿನ ಟ್ಯೂಬು ಇರಲಿ, ಮಳೆಗಾಲಕ್ಕೆ ಮುಂಚೆ ಅದು ಇದೆಯೇ ಎಂದು ತಾಲ್ಲೂಕು ಆರೋಗ್ಯಾಧಿಕಾರಿ ಕಣ್ಣಾರೆ ನೋಡಿ ಸಹಿ ಹಾಕಲಿ. ಎರಡನೆಯದು, ಕಡ್ಡಾಯ ವರದಿಯಲ್ಲಿ ನಾನು ಮೇಲೆ ಹೇಳಿದ ವಿವರಗಳು ಸೇರಲಿ, ರೋಗಿಯ ಹೆಸರಿಲ್ಲದೆ ಅವು ಜಿಲ್ಲಾವಾರು ಪ್ರತಿವರ್ಷ ಪ್ರಕಟವಾಗಲಿ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಕಾಗಿಲ್ಲ, ದೂರದಿಂದ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಿಕ್ಕರೂ ಗುರುತು ಹಿಡಿಯುವವರು ಈಗ ಬೇಕಾದಷ್ಟಿದ್ದಾರೆ. ಮೂರನೆಯದು ದೊಡ್ಡದು. ರಾಜ್ಯ ಸರ್ಕಾರ ಪ್ರತಿವಿಷವನ್ನು ಟೆಂಡರಿನಲ್ಲಿ ಕೊಳ್ಳುವಾಗ ಬೆಲೆಯ ಜೊತೆಗೆ, ಕರ್ನಾಟಕದ ಹಾವುಗಳ ವಿಷದ ಮೇಲೆ ಅದು ಎಷ್ಟು ಕೆಲಸ ಮಾಡುತ್ತದೆಂಬ ಪರೀಕ್ಷಾ ವರದಿಯನ್ನೂ ಕೇಳಲಿ. ಕೊಳ್ಳುವವರು ಕೇಳದ ಗುಣವನ್ನು ಮಾರುವವರು ತಾವಾಗಿ ತಂದುಕೊಟ್ಟದ್ದು ನಾನಂತೂ ನೋಡಿಲ್ಲ. ಆ ಪರೀಕ್ಷೆಗೆ ಬೇಕಾದ ವಿಷ ಮೇಲಿನ ಭಂಡಾರದಿಂದಲೇ ಬರಬೇಕು, ಹಾಗಾಗಿ ತಾವಿಬ್ಬರೂ ಒಂದೇ ಮೇಜಿಗೆ ಕೂರದೆ ಇದು ಆಗದು.

ಮುಂದಿನ ಪೀಳಿಗೆಯ ಪ್ರತಿವಿಷ ಕುದುರೆಯಿಂದಲೇ ಬರಬೇಕೆಂದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2024ರಲ್ಲಿ ಪ್ರಯೋಗಾಲಯದಲ್ಲೇ ರೂಪಿಸಿದ ಒಂದು ಮಾನವ ಪ್ರತಿಕಾಯವು (ಆಂಟಿಬಾಡಿ), ನಾಗರ ಮತ್ತು ಕಟ್ಟುಹಾವಿನ ಕುಲದ ಹಲವು ಹಾವುಗಳಲ್ಲಿರುವ ಒಂದು ಬಗೆಯ ನರವಿಷವನ್ನು ಇಲಿಗಳಲ್ಲಿ ತಡೆದಿದೆ. ಮಂಡಲದ ಹಾವುಗಳ ವಿಷಕ್ಕೆ ಅದು ಆಗುವುದಿಲ್ಲ, ಮನುಷ್ಯರವರೆಗೆ ಬರಲು ಇನ್ನೂ ಕಾಲ ಬೇಕು. ಆದರೂ ವಿಧಾನಸೌಧದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಇಂಥ ಕೆಲಸ ನಡೆಯುತ್ತಿದೆ. ಅದಕ್ಕೆ ಬೇಕಾದ ಮಾದರಿಗಳಿಗೆ ಒಂದೊಂದು ಜಿಲ್ಲೆಯ ಅನುಮತಿಗಾಗಿ ವಿಜ್ಞಾನಿಗಳು ಅಲೆಯುವಂತಾಗದೆ, ಅರ್ಜಿಗೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಗಡುವು ನಿಗದಿಯಾಗಲಿ.

ಕೊನೆಯದಾಗಿ, 2002ರ ಜೀವವೈವಿಧ್ಯ ಕಾಯ್ದೆಯು ನಮ್ಮ ಜೀವಸಂಪತ್ತಿನಿಂದ ಲಾಭ ಮಾಡಿದವರು ಅದರಲ್ಲಿ ಒಂದು ಪಾಲನ್ನು ಹಂಚಿಕೊಳ್ಳಬೇಕೆನ್ನುತ್ತದೆ. ನಾಳೆ ನಮ್ಮ ಕೊಳಕು ಮಂಡಲದ ಒಂದು ಪ್ರೋಟೀನಿನಿಂದ ಯಾರೋ ಔಷಧ ಮಾಡಿದರೆ ಆ ಪಾಲು ಎಲ್ಲಿಗೆ ಹೋಗಬೇಕೆಂಬುದನ್ನು ಈಗಲೇ, ಹಣ ಬರುವ ಮೊದಲೇ, ಬರೆದಿಡುವುದು ಸುಲಭ. ಹಾವು ಕಚ್ಚಿ ಮೂತ್ರಪಿಂಡ ಕಳೆದುಕೊಂಡ ಕೂಲಿಕಾರರ ಡಯಾಲಿಸಿಸ್ಸಿಗೆ ಅದು ಹೋಗಲಿ ಎಂಬುದು ನನ್ನ ಸಲಹೆ. ಹಸು ಮಾರಿದವರನ್ನು ನೋಡಿದ ಮೇಲೆ ಬೇರೆ ಸಲಹೆ ನನಗೆ ತೋಚುತ್ತಿಲ್ಲ.

ಮುಂಗಾರು ಜೂನ್ ಮೊದಲ ವಾರಕ್ಕೆ ನಮ್ಮ ಕರಾವಳಿ ಮುಟ್ಟುತ್ತದೆ. ಅಷ್ಟರೊಳಗೆ ಈ ಪತ್ರಕ್ಕೆ ಎರಡೂ ಇಲಾಖೆಗಳ ಜಂಟಿ ಉತ್ತರ ಬರಲಿ ಎಂದು ಕೋರುತ್ತೇನೆ. ಉಳಿದದ್ದಕ್ಕೆ ಸಮಯ ಹಿಡಿದರೂ ಗಾಜಿನ ಟ್ಯೂಬುಗಳ ಆದೇಶವಾದರೂ ಅದರ ಜೊತೆಗಿರಲಿ.

ಗೌರವಪ್ರಣಾಮಗಳೊಂದಿಗೆ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ